ಬಿಲ್ಲೆ ನೋಡದ ನೂರ್ಲಿಂಗ್

ಅಮೆರಿಕ, ಕೆನಡಾದ ಐಸ್ ಹಾಕಿ ತಂಡಗಳು ಡ್ರಾಫ್ಟಿನಲ್ಲಿ ಹೊಸಬರನ್ನು ಆರಿಸಿಕೊಳ್ಳುವ ಮೊದಲು ನಮ್ಮ ಉತ್ತರ ಸ್ವೀಡನ್ನಿನ ಫಾರ್ವರ್ಡ್ ಹುಡುಗರ ಬಗ್ಗೆ ವಿಚಾರಿಸುವುದು ಎವರ್ಟ್ ನೂರ್ಲಿಂಗ್‌ನನ್ನೇ. ಗ್ಯಾಲರಿಯ ಮೂಲೆಯಲ್ಲಿ ಹಿಮಸಾರಂಗದ ತೊಗಲು ಹಾಸಿಕೊಂಡು, ಫ್ಲಾಸ್ಕಿನ ಕಾಫಿ ಹೀರುತ್ತ ಕೂರುವ ಈ ಮುದುಕ ಆಟದ ರಬ್ಬರ್ ಬಿಲ್ಲೆಯತ್ತ ತಪ್ಪಿಯೂ ಕಣ್ಣು ಹಾಯಿಸುವವನಲ್ಲ. "ಬಿಲ್ಲೆ ನೋಡೋದು ಅಪ್ಪ ಅಮ್ಮಂದಿರ ಕೆಲಸ" ಎನ್ನುತ್ತಾನೆ. ಅವನು ನೋಡುವುದು, ಬಿಲ್ಲೆ ಕಳೆದುಕೊಂಡ ಹುಡುಗ ತಿರುಗಿ ಅದರ ಬೆನ್ನು ಹತ್ತುತ್ತಾನೋ ಇಲ್ಲ ಸೂರು ನೋಡುತ್ತ ನಿಲ್ಲುತ್ತಾನೋ ಎಂಬುದನ್ನು. ಗೋಲಾಗಿ ಎಲ್ಲರೂ ಎದ್ದು ಕುಣಿಯುವಾಗ ಇವನ ದೃಷ್ಟಿ ಆಟಗಾರರ ಬೆಂಚಿನ ಮೇಲೆ, ಗೆಳೆಯನ ಗೋಲಿಗೆ ಮುಖ ಸಿಂಡರಿಸಿದವನು ಯಾರು ಎಂದು. ಆಟ ಮುಗಿದರೆ ಕಾಫಿ ಮಾರುವ ಗುನ್ವೋರಳ ಹತ್ತಿರ ತನಿಖೆ: "ಆ ಉದ್ದನೆಯವ್ನು ಕುಡಿದ ಲೋಟ ವಾಪಸ್ ತಂದಿಡ್ತಾನಾ?" ಇಂಥವನ ಬಾಯಲ್ಲಿ "ಪರವಾಗಿಲ್ಲ" ಎನಿಸಿಕೊಂಡ ಹುಡುಗನ ಮನೆಯವರು ಕ್ಲಬ್ಬಿಗೆಲ್ಲ ನಮ್ಮಲ್ಲಿ ಸಂಭ್ರಮಕ್ಕೆಂದೇ ತರುವ ಹಸಿರು ಕೇಕ್ ಹಂಚುತ್ತಾರೆ. ಮೊನ್ನೆ ಅವನ ಮಗಳ ಮಗ ಮಾಲ್ಟೆ ಮೊದಲ ಸಲ ದೊಡ್ಡವರ ತಂಡದಲ್ಲಿ ಆಡಿದ. ಮುದುಕ ಆಟ ಮುಗಿಯುವವರೆಗೂ ನಿಂತೇ ಇದ್ದ. ಕಾಫಿ ತೊಗಲಿನ ಮೇಲೆ ಚೆಲ್ಲಿದ್ದೂ ಗೊತ್ತಾಗಲಿಲ್ಲ. "ಮೊಮ್ಮಗ ಹೇಗಾಡ್ದ ಎವರ್ಟ್? ಕೆನಡಾದವ್ರು ಫೋನ್ ಮಾಡಿದ್ರೆ ಏನು ಹೇಳ್ತೀಯ?" ಎಂದು ಗುನ್ವೋರ್ ಕೆಣಕಿದಳು. ನೂರ್ಲಿಂಗ್‌ನ ಕಿವಿ ಕೆಂಪಾಯಿತು. "ಬೇರೆ ಯಾರನ್ನಾದ್ರೂ ಕೇಳ್ಕೊಳ್ಳಿ ಅಂತೀನಿ," ಎಂದ. "ನಾನು ಬಿಲ್ಲೆ ನೋಡ್ತಾ ಇದ್ದೆ."