ನಾಕನೇ ಕಟ್ಟಿಗಿ

ಬೈಲಹೊಂಗಲದಾಗ ಏಳು ಅಂತಸ್ತಿನ ಕಟ್ಟಡ ಎದ್ದಾಗ ಅದರ ಬಾಗಿಲಾ ಎಲ್ಲಾ ಕೂಡಿಸಿದಾಂವ ನಾನ. ಬೆಂಗಳೂರಿಂದ ಬಂದ ನಕಾಶಿಯೊಳಗ ಚೌಕಟ್ಟಿಗೆ ಮೂರ ಕಟ್ಟಿಗಿ ಇದ್ದವು. ಎರಡು ಬದಿಗೆ, ಒಂದು ಮ್ಯಾಲೆ. ತಳಕ್ಕ ಹೊಸ್ತಲ ಇರಲಿಲ್ಲ. ಹೇಳಿದಂಗ ಮಾಡಿದೆ, ಮನಸ್ಸು ಮಾತ್ರ ಒಪ್ಪಲಿಲ್ಲ.

ಒಂದಿನ ಐದನೇ ಅಂತಸ್ತಿನ ಮನಿ ನೋಡಾಕ ಕಿತ್ತೂರಿಂದ ವಯಸ್ಸಾದ ಒಬ್ಬ ಆಯಿ ಬಂದರು. ಲಿಫ್ಟಿನಾಗ ನಕ್ಕೋತ ಏರಿ ಬಂದವರು ಬಾಗಿಲದಾಗ ಗಕ್ಕನ ನಿಂತರು.

"ಹೊಸ್ತಲ ಎಲ್ಲೈತ್ರಿ?"

ಇಂಜಿನಿಯರ್ ಸಾಹೇಬ್ರು, "ಈಗ ಯಾರೂ ಹಾಕ್ಸೂದಿಲ್ರಿ ಅಮ್ಮಾರ. ಮಂದಿ ಎಡವತಾರ" ಅಂದರು.

"ಹುಟ್ಟಿದಾಗಿಂದ ಹೊಸ್ತಲ ದಾಟೇನಿ, ಒಮ್ಮಿನೂ ಎಡವಿಲ್ಲ. ಶುಕ್ರವಾರ ಅರಿಷಿಣ ಕುಂಕುಮ ಎಲ್ಲಿ ಹಚ್ಚಲಿ, ಲಿಫ್ಟಿಗೇನು?" ಅಂದ ಆಯಿ ನನ್ನ ಕಡೆ ತಿರುಗಿದರು. "ಬಡಿಗೇರ, ನೀವ ಹೇಳ್ರಿ. ಮೂರು ಕಟ್ಟಿಗಿಗೆ ಚೌಕಟ್ಟು ಅಂತಾರೇನು?"

ಸಾಹೇಬ್ರು ನನ್ನ ದುರುಗುಟ್ಟಿ ನೋಡಿದರು. ಕೆಲಸ ಹೋದ್ರೂ ಹೋಗಲಿ, ಕಸುಬಿನ ಮಾತಿನಾಗ ಸುಳ್ಳು ಹೆಂಗ ಹೇಳಲಿ?

"ಇಲ್ರಿ ಆಯಿ. ನಾಕು ಇದ್ರನ ಚೌಕಟ್ಟು."

"ಹಂಗಾದ್ರ ಈ ಮನಿ ಬ್ಯಾಡ್ರಿ" ಅಂದು ಆಯಿ ಹೊಳ್ಳಿ ಲಿಫ್ಟಿನ ಕಡೆ ನಡದರು. ಸಾಹೇಬ್ರು ಗಡಬಡಿಸಿ, "ಹಾಕಪಾ, ಹೊಸ್ತಲ ಹಾಕು" ಅಂದರು.

ಉಳಿದ ಸಾಗವಾನಿ ಕೊರದು ಕೂಡಿಸಿದೆ. ಅದನ್ನ ನೋಡಿ ಉಳಿದ ಮನಿಯವರೆಲ್ಲಾ ಬೇಕಂದರು.

ಈಗ ರಾಮದುರ್ಗದಾಗ ಸಾಹೇಬ್ರದ ಇನ್ನೊಂದು ಕಟ್ಟಡ ನಡದೈತಿ. ಬೆಂಗಳೂರಿನ ಹೊಸ ನಕಾಶಿಯೊಳಗ ಚೌಕಟ್ಟಿಗೆ ನಾಕು ಗೆರಿ ಅದಾವು, ಬಾಜೂಕ 'ಬೈಲಹೊಂಗಲ ಮಾದರಿ' ಅಂತ ಬರದಾರ. ಓದಿದಾಗೊಮ್ಮೆ ಎದಿ ಉಬ್ಬತೈತಿ.

ಸಾಹೇಬ್ರ ಮಾತೂ ಪೂರಾ ಸುಳ್ಳಲ್ಲ ಬಿಡ್ರಿ. ಹೊಸ್ತಲಕ್ಕ ಒಬ್ಬರು ದಿನಾ ಎಡವತಾರ, ಫೋನ್ ನೋಡ್ಕೋತ ಬರೋ ಸಾಹೇಬ್ರು.