ಅವ್ವ ಅಪ್ಪನ ಹೆಸರು ಹೇಳಿದ್ದು

ಸಾರಿ ಫ್ರೆಂಡ್ಸ್, ಪರೀಕ್ಷೆ ಹತ್ತಿರವಿರುವಾಗ ಈ ಸ್ಟಡಿ ಗ್ರೂಪಿನಲ್ಲಿ ಊರ ಸುದ್ದಿ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ಓದು ತಲೆಗೆ ಹತ್ತುವುದಿಲ್ಲ.

ನಮ್ಮವ್ವ ಗ್ರಾಮ ಪಂಚಾಯ್ತಿಗೆ ನಿಂತಿದ್ದಾಳೆ. ಇವತ್ತು ನಾಮಪತ್ರ ಪರಿಶೀಲನೆ. ವಾರ್ಡಿನಲ್ಲಿ ಇಬ್ಬರು ಲಕ್ಷ್ಮವ್ವಂದಿರು ನಿಂತಿದ್ದರಿಂದ ಮೈಸೂರು ಕಡೆಯ ಚುನಾವಣಾಧಿಕಾರಿ ಅವ್ವನಿಗೆ, "ಗಂಡನ ಹೆಸರು ಹೇಳಿ ತಾಯಿ" ಎಂದರು. ಅವ್ವ ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದಳು. ಮದುವೆಯಾದಾಗಿನಿಂದ ಅವಳು ಅಪ್ಪನ ಹೆಸರು ಹಿಡಿದು ಮಾತಾಡಿದವಳಲ್ಲ.

"ಸರ್, ಆಕ್ಚುವಲಿ..." ಎಂದು ನಾನು ಬಾಯಿ ಹಾಕಿದೆ.

"ನೀವಲ್ಲ, ಅವರೇ ಹೇಳಲಿ."

ಎದುರು ಪಾರ್ಟಿಯ ಕಾಕಾ ನಕ್ಕರು. "ಗಂಡನ ಹೆಸರ ಹೇಳಾಕ ಬಾಯಿ ಬರವಲ್ದು, ಮೀಟಿಂಗಿನ್ಯಾಗ ಏನ ಮಾತಾಡ್ತಾಳ್ರಿ ಈಕಿ?"

ನಾಮಪತ್ರ ತಿರಸ್ಕಾರವಾದಂತೆಯೇ ಎಂದುಕೊಂಡೆ. ಅಷ್ಟರಲ್ಲಿ ಅವ್ವ, ಮದುವೆ ಮನೆಯಲ್ಲಿ ಹೆಂಗಸರು ಒಡಪು ಕಟ್ಟಿ ಗಂಡನ ಹೆಸರು ಹೇಳುತ್ತಾರಲ್ಲ, ಹಾಗೆ ಕಾಕಾನನ್ನೇ ನೋಡುತ್ತ ಹೇಳಿಬಿಟ್ಟಳು:

"ಧುಪದಾಳ ಒಡ್ಡಿಗೆ ನೀರ ಬಂದಾವ ಭರ್ತಿ,
ಬಾಳಪ್ಪನವರ ಹೆಸರ ಹೇಳೇನಿ, ಇನ್ನರ ಆತೇನ್ರಿ ಖಾತ್ರಿ!"

ಹೊರಗಿದ್ದ ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ಅಧಿಕಾರಿ, "ಇನ್ನೊಂದ್ಸಲ ಹೇಳಿ ತಾಯಿ, ಕೇಳ್ತಾ ಬರ್ಕೊಳ್ಳೋದೇ ಮರೆತೆ" ಎಂದರು. ನಾಮಪತ್ರ ಪಾಸಾಯಿತು. ಅಬ್ಬಾ!

ಈಗ ಒಂದೇ ತೊಂದರೆ. ಇನ್ನೊಬ್ಬ ಲಕ್ಷ್ಮವ್ವನೂ ಬಿಡದೆ ಒಡಪು ಹೇಳಿದಳು, ಅದು ಅವ್ವನದಕ್ಕಿಂತ ಚೆನ್ನಾಗಿತ್ತು. ನಾಳೆಯಿಂದ ಪ್ರಚಾರ. ಹಾಸ್ಟೆಲಿನಲ್ಲಿ ಬೆಳೆದ ನನಗೆ ಒಂದೂ ಬರುವುದಿಲ್ಲ. ಒಳ್ಳೆಯ ಒಡಪು ಗೊತ್ತಿದ್ದವರು ದಯವಿಟ್ಟು ಬೇಗ ರಿಪ್ಲೈ ಮಾಡಿ.