ರಜೆಯ ಮರುದಿನ ಹೊಡೆಯುತ್ತಿದ್ದ ಗಂಟೆ

1985ರ ಜನವರಿ 7, ಸೋಮವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ನಮ್ಮ ಬಾಡಿಗೆ ಮನೆಯ ಕಳ್ಳಗಂಟೆ ಕಳ್ಳನಿಲ್ಲದೆ ಮೊದಲ ಸಲ ಹೊಡೆದದ್ದು ಆಗ. ನಾನು ದಾಂಡೇಲಿ ಬಜಾರಿನ ಟೈಪಿಂಗ್ ಕ್ಲಾಸಿನಲ್ಲಿದ್ದೆ. ವೇಳೆಯನ್ನು ನನ್ನ ನೋಟುಪುಸ್ತಕದಲ್ಲಿ ಬರೆದುಕೊಂಡದ್ದು ಪಕ್ಕದ ಮನೆಯ ಅಕ್ಕ ಹೇಳಿದ ಮೇಲೆ. ಅವರ ಯಜಮಾನರು ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಆಗಷ್ಟೇ ಮಲಗಿದ್ದರು, ಹಾಗಾಗಿ ಅವರಿಗೆ ನಿಮಿಷದವರೆಗೂ ನೆನಪಿತ್ತು.

ಆ ಗಂಟೆಯನ್ನು ನಾವು ಕೂಡಿಸಿದ್ದಲ್ಲ. ನಮಗಿಂತ ಮೊದಲು ಆ ಮನೆಯಲ್ಲಿದ್ದ ಯಾರೋ ಎಲೆಕ್ಟ್ರಿಶಿಯನ್ ಮಾಡಿಟ್ಟು ಹೋಗಿದ್ದ. ಎರಡು ಬಾಗಿಲು, ಎರಡು ಕಿಟಕಿಗಳ ಚೌಕಟ್ಟಿನಲ್ಲಿ ಹಿತ್ತಾಳೆಯ ಸಣ್ಣ ಪಟ್ಟಿಗಳು. ಬಾಗಿಲು ಮುಚ್ಚಿದರೆ ಪಟ್ಟಿಗೆ ಪಟ್ಟಿ ತಾಗುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ತಂತಿ, ಕೊನೆಗೆ ಅಡುಗೆಮನೆಯ ಅಟ್ಟದ ಕೆಳಗೆ ಒಂದು ಕಟ್ಟಿಗೆಯ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಬ್ಯಾಟರಿಯ ದೊಡ್ಡ ಸೆಲ್ಲುಗಳು, ಒಂದು ರಿಲೇ, ಗಂಟೆ. ಹೊರಗಿನ ಗೋಡೆಯ ಮಾಡದಲ್ಲಿ ಗುಟ್ಟಿನ ಸ್ವಿಚ್ಚು. ಮನೆ ಬಿಡುವಾಗ ಹಾಕುತ್ತಿದ್ದೆವು, ಬಂದಾಗ ತೆಗೆಯುತ್ತಿದ್ದೆವು.

ಅವ್ವ ಈ ಮನೆಯನ್ನು ಒಪ್ಪಿದ್ದೇ ಆ ಗಂಟೆಗಾಗಿ. ಹಿಂದಿನ ಮನೆಯಲ್ಲಿ ಹಾಡುಹಗಲೇ ಕಳ್ಳತನವಾಗಿತ್ತು. ಆಮೇಲೆ ಎರಡು ವರ್ಷ ಅವಳು ಬೀಗ ಹಾಕಿ ಸಂತೆಗೂ ಹೋಗಿರಲಿಲ್ಲ. ಅಪ್ಪ ಕುಳಗಿ ಕಡೆಯ ಅರಣ್ಯ ಕ್ಯಾಂಪಿನಲ್ಲಿದ್ದರು, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಈ ಮನೆಗೆ ಬಂದ ಮೇಲೆ ಅವ್ವ ಹತ್ತು ಮೈಲಿ ಆಚೆಯ ಹಳ್ಳಿಯೊಂದರ ಬಾಲವಾಡಿಗೆ ಟೀಚರಾದಳು. ಬೆಳಿಗ್ಗೆ 9 ಗಂಟೆ 15ರ ಬಸ್ಸಿಗೆ ಹೋದರೆ ನಾಲ್ಕಕ್ಕೆ ವಾಪಸ್ಸು. ಅದು ಅವಳ ಮೊದಲ ನೌಕರಿ.

ಎರಡನೆಯ ಸಲ ಹೊಡೆದದ್ದು ಜನವರಿ 15, ಮಂಗಳವಾರ, 11 ಗಂಟೆ 35ಕ್ಕೆ. ಮೂರನೆಯದು 21, ಸೋಮವಾರ, 11 ಗಂಟೆ 10ಕ್ಕೆ. ಪ್ರತಿ ಸಲವೂ ನಾನು ಒಂದೊಂದು ಕಾರಣ ಹಿಡಿದು ರಿಪೇರಿ ಮಾಡಿದೆ. ಹಿತ್ತಾಳೆಯ ಪಟ್ಟಿಗಳನ್ನು ಪಾಲಿಶ್ ಕಾಗದದಿಂದ ತಿಕ್ಕಿ ಹೊಳೆಯುವಂತೆ ಮಾಡಿದೆ. ಹಿತ್ತಲ ಬಾಗಿಲಿನ ತಿರುಪು ಸಡಿಲಾಗಿತ್ತು. ತೂತಿನೊಳಗೆ ಎರಡು ಬೆಂಕಿಕಡ್ಡಿ ತುರುಕಿ ಬಿಗಿ ಮಾಡಿದೆ. ಮಂಗ ಬಂದು ಕಿಟಕಿ ಅಲುಗಿಸುತ್ತಿರಬಹುದೆಂದು ಮೂರು ದಿನ ಕಿಟಕಿಯ ಕಟ್ಟೆಗೆ ಹಿಟ್ಟು ಉದುರಿಸಿಟ್ಟೆ. ಮೂರು ದಿನವೂ ಕಂಡದ್ದು ಇರುವೆಯ ಸಾಲು ಮಾತ್ರ. ಸೆಲ್ಲುಗಳನ್ನು ಒಂದು ಭಾನುವಾರ ಸಂಜೆ ಬ್ಯಾಟರಿಯ ಬಲ್ಬು ಹಚ್ಚಿ ನೋಡಿದೆ. ಬಲ್ಬು ಚೆನ್ನಾಗಿ ಉರಿಯಿತು. ‘ಸೆಲ್ಲು: ಸರಿ’ ಎಂದು ಪುಸ್ತಕದಲ್ಲಿ ಪೆನ್ನಿನಿಂದ ಗುರುತು ಹಾಕಿದೆ. ಆ ಗುರುತು ನನ್ನನ್ನು ಎರಡು ವಾರ ದಾರಿ ತಪ್ಪಿಸಿತು.

ನಾಲ್ಕನೆಯ ಸಲ 28, ಸೋಮವಾರ, 11 ಗಂಟೆ 25. ಸಂಜೆ ಪಕ್ಕದ ಅಕ್ಕ ನಮ್ಮ ಪಡಸಾಲೆಗೆ ಬಂದು ಕೂತರು. ಚಹಾ ಕುಡಿದೇ ಮಾತು ತೆಗೆದರು.

“ಈ ಗಂಟಿ ಕಳ್ಳರಿಗೆ ಕಟ್ಟೀರೋ, ನಮ್ಮ ಮನಿಯವರಿಗೆ ಕಟ್ಟೀರೋ ನೀವ ಹೇಳ್ರಿ ವೈನಿ. ಇವತ್ತಿನ ತನಕ ಎದ್ದಿರಾಂವಾ ನಮ್ಮಾಂವಾ ಒಬ್ಬನ. ಇನ್ನೊಮ್ಮೆ ಹೊಡೀತಂದ್ರ ಮಾಲಕರಿಗೆ ಹೇಳಿ ತಂತಿ ಕಿತ್ತಸ್ತೇವಿ. ಸಿಟ್ಟಾಗಬ್ಯಾಡ್ರಿ.”

ಅವ್ವ ಸಿಟ್ಟಾಗಲಿಲ್ಲ. ಅವರು ಹೋದ ಮೇಲೆ ಲೋಟ ತೊಳೆಯುತ್ತ, ತಂತಿ ಕಿತ್ತ ದಿನವೇ ಬಾಲವಾಡಿಗೆ ರಾಜೀನಾಮೆ ಕೊಡುತ್ತೇನೆ ಎಂದಳು. ಯಾವ ಹೊತ್ತಿನಲ್ಲೂ ಮನೆಯ ಚಿಂತೆ ಮಾಡುತ್ತ ಮಕ್ಕಳಿಗೆ ಹಾಡು ಹೇಳಿಕೊಡಲು ತನ್ನಿಂದ ಆಗದು ಎಂದಳು. ನಾನು ಆ ದಿನದ ಪುಟದ ಕೆಳಗೆ ಬರೆದೆ: ಐದನೆಯ ಸಲ ಆಗಬಾರದು.

ಫೆಬ್ರವರಿ 2, ಶನಿವಾರ, ಪುಸ್ತಕ ಹಿಡಿದುಕೊಂಡು ಬಜಾರಿನ ರೇಡಿಯೋ ರಿಪೇರಿ ಚಾಚಾನ ಅಂಗಡಿಗೆ ಹೋದೆ. ಅವರು ಕನ್ನಡಕವನ್ನು ಹಣೆಗೇರಿಸಿ ನಾಲ್ಕೂ ಪುಟ ಓದಿದರು. ತಂತಿಯೊಳಗೆ ಸಣ್ಣ ಕರೆಂಟು ಸದಾ ಓಡುತ್ತಿರುತ್ತದೆ, ಅದು ರಿಲೇಯ ಕಬ್ಬಿಣದ ತುಂಡನ್ನು ಹಿಡಿದಿಟ್ಟಿರುತ್ತದೆ, ಹಿಡಿತ ತಪ್ಪಿದರೆ ತುಂಡು ಬಿದ್ದು ಗಂಟೆ ಹೊಡೆಯುತ್ತದೆ ಎಂದು ಚಿತ್ರ ಬರೆದು ವಿವರಿಸಿದರು.

“ಬೇಟಾ, ಗಂಟಿಗೆ ಬರೂದು ಒಂದ ಮಾತು. ಕರೆಂಟ್ ಸಾಲವಲ್ದು ಅಂತೈತಿ, ಅಷ್ಟ. ಬಾಗಿಲಾ ತೆಗದ್ರೂ ಅದನ್ನ ಅಂತೈತಿ, ಸೆಲ್ಲ ಸತ್ರೂ ಅದನ್ನ ಅಂತೈತಿ. ನೀ ಬಾಗಲಾನ ಹಿಡಕೊಂಡು ಕೂತಿ.”

ಸೆಲ್ಲು ನೋಡಿದ್ದೇನೆ, ಬಲ್ಬು ಉರಿಯಿತು ಎಂದೆ. ಒಂದು ಗಳಿಗೆ ಉರಿಯುವುದು ಬೇರೆ, ತಾಸುಗಟ್ಟಲೆ ಹೊರುವುದು ಬೇರೆ ಎಂದರು. ಆಮೇಲೆ ನನ್ನ ಪಟ್ಟಿಯ ಮೇಲೆ ಬೆರಳಿಟ್ಟು, ಸೋಮವಾರಗಳ ನಡುವೆ ಈ ಒಂದು ಮಂಗಳವಾರ ಯಾಕೆ ಎಂದು ಕೇಳಿದರು. ಅದು ಸಂಕ್ರಾಂತಿಯ ಮರುದಿನ. ಹೇಳುತ್ತಿರುವಾಗಲೇ ನನಗೆ ಹೊಳೆಯಿತು: ನಾಲ್ಕೂ ಸಲ ರಜೆಯ ಮರುದಿನ.

ರಜೆಯ ದಿನ ನಮ್ಮ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಪ್ರತಿ ರಜೆಗೂ ನಾನು ಬಟ್ಟೆಯ ಗಂಟು ಹೊತ್ತು ಹೊಳೆಗೆ ಹೋಗಿ ಮಧ್ಯಾಹ್ನ ಬರುತ್ತಿದ್ದೆ. ಮರುದಿನ ಭಾನುವಾರ ಹೋಗಲಿಲ್ಲ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಕೂತೆ.

9 ಗಂಟೆ 40. ಅವ್ವ ಪೆಟ್ಟಿಗೆ ತೆರೆದು ಸೆಲ್ಲುಗಳನ್ನು ಸೆರಗಿನಲ್ಲಿ ಹಾಕಿಕೊಂಡು ಬಂದಳು. ಹಪ್ಪಳ ಒಣಗಿಸುವ ಮೊರದ ಮೇಲೆ ಒಂದೊಂದಾಗಿ ಇಟ್ಟಳು. ಹತ್ತು ನಿಮಿಷಕ್ಕೊಮ್ಮೆ ಬಂದು ಅವನ್ನು ಹೊರಳಿಸಿ ಹೋದಳು.

ಕೇಳಿದಾಗ ಅವಳಿಗೆ ಆಶ್ಚರ್ಯವೇ ಆಯಿತು. ತವರಿನಲ್ಲಿ ಬ್ಯಾಟರಿ ಮಂಕಾದರೆ ಎಲ್ಲರೂ ಸೆಲ್ಲುಗಳನ್ನು ಬಿಸಿಲಿಗೆ ಇಡುತ್ತಿದ್ದರಂತೆ, ಅವು ಮತ್ತೆ ಉರಿಯುತ್ತಿದ್ದವಂತೆ. ಡಿಸೆಂಬರಿನಲ್ಲಿ ಪೆಟ್ಟಿಗೆ ಒರೆಸುವಾಗ ಸೆಲ್ಲುಗಳು ತಣ್ಣಗೆ ಕೈಗೆ ಹತ್ತಿದ್ದವು. ನೌಕರಿ ಉಳಿಸುವ ವಸ್ತು ಚಳಿಗೆ ಕೆಡಬಾರದೆಂದು ಹೊಸ ವರ್ಷದಿಂದ ಅವಳು ಒಂದು ರಜೆಯನ್ನೂ ತಪ್ಪಿಸಿರಲಿಲ್ಲ. ಗಂಟೆ ಸುಳ್ಳೇ ಹೊಡೆದಷ್ಟೂ ಮುಂದಿನ ವಾರ ಇನ್ನೊಂದು ತಾಸು ಹೆಚ್ಚು ಬಿಸಿಲು ಕೊಟ್ಟಿದ್ದಳು.

ಊಹೆ ಸಾಲದು, ಪರೀಕ್ಷೆ ಬೇಕಿತ್ತು. ಬಿಸಿಲು ಕಂಡ ಸೆಲ್ಲುಗಳನ್ನೇ ಪೆಟ್ಟಿಗೆಗೆ ಹಾಕಿ, ಗಂಟೆಯ ಬಡಿಗೆಗೆ ಅರಿವೆ ಸುತ್ತಿ, 12 ಗಂಟೆ 10ಕ್ಕೆ ಸ್ವಿಚ್ಚು ಹಾಕಿದೆ. ಬಾಗಿಲು ಕಿಟಕಿ ಯಾರೂ ಮುಟ್ಟಲಿಲ್ಲ. ಇಬ್ಬರೂ ಪೆಟ್ಟಿಗೆಯ ಮುಂದೆಯೇ ಊಟ ಮಾಡಿದೆವು. 2 ಗಂಟೆ 18ಕ್ಕೆ ರಿಲೇಯ ತುಂಡು ಟಕ್ಕೆಂದು ಬಿತ್ತು, ಅರಿವೆಯೊಳಗೆ ಬಡಿಗೆ ಒದ್ದಾಡಿತು. ಎರಡು ತಾಸು ಎಂಟು ನಿಮಿಷ. ಬಿಸಿಲಿನ ಕಾವಿಗೆ ಸೆಲ್ಲು ಒಂದು ದಿನದ ಮಟ್ಟಿಗೆ ಸೋಲುತ್ತದೆ, ತಣ್ಣಗೆ ಬಿಟ್ಟರೆ ಆಮೇಲೆ ಚೇತರಿಸಿಕೊಳ್ಳುತ್ತದೆ ಎಂದು ಚಾಚಾ ಮುಂದೆ ಹೇಳಿದರು.

ಅವ್ವ ನನ್ನ ಪುಸ್ತಕದತ್ತ ಬಗ್ಗಿ ನೋಡಿದಳು.

“ಪುಸ್ತಕದಾಗ ಏನಂತ ಬರದಿ? ಕಳ್ಳಿ ಮನಿಯಾಗ ಇದ್ಲಂತನ?”

ನಾನು ಬರೆದದ್ದನ್ನು ತೋರಿಸಿದೆ: ‘ಕಾರಣ: ಬಿಸಿಲು.’ ಅವಳು ಎದ್ದು ಮೊರ ಒರೆಸಿ ಒಳಗಿಟ್ಟಳು.

ಅದೇ ಸಂಜೆ ಹೊಸ ಸೆಲ್ಲುಗಳನ್ನು ತಂದು, ಒಂದೊಂದಕ್ಕೂ ತಾರೀಖಿನ ಚೀಟಿ ಅಂಟಿಸಿದೆ. ಸೋಮವಾರ ಬೆಳಿಗ್ಗೆ ಅವ್ವ ಸ್ವಿಚ್ಚು ಹಾಕಿ, ಹಾಕಿದ್ದನ್ನು ಮತ್ತೊಮ್ಮೆ ಮುಟ್ಟಿ ನೋಡಿ, 9 ಗಂಟೆ 15ರ ಬಸ್ಸು ಹತ್ತಿದಳು. ನಾನು ಕ್ಲಾಸು ಬಿಟ್ಟು ಪಕ್ಕದ ಅಕ್ಕನ ಕಟ್ಟೆಯ ಮೇಲೆ ಗಡಿಯಾರ ಹಿಡಿದು ಕೂತೆ. 11 ಗಂಟೆ 10, 11 ಗಂಟೆ 25, 11 ಗಂಟೆ 35, ಮೂರೂ ದಾಟಿದವು. ಒಳಗಿನಿಂದ ಅವರ ಯಜಮಾನರ ಗೊರಕೆ ಮಾತ್ರ ಕೇಳುತ್ತಿತ್ತು. ಅಕ್ಕ ನನಗೆ ಒಂದು ಬಟ್ಟಲು ಅವಲಕ್ಕಿ ಕೊಟ್ಟು ಒಳಗೆ ಹೋದರು.

ಏಪ್ರಿಲ್ ಕೊನೆಗೆ ಬಾಲವಾಡಿಗೆ ಬೇಸಿಗೆ ರಜೆ ಬಿಡುವವರೆಗೆ ಎಣಿಸಿದೆ. ಅವ್ವ ನೌಕರಿಗೆ ಹೋದ ದಿನ ಅರವತ್ತಾರು. ಸುಳ್ಳು ಗಂಟೆ ಸೊನ್ನೆ.

ಒಂದು ಪ್ರಶ್ನೆ ಮಾತ್ರ ಆ ಪುಸ್ತಕದಲ್ಲಿ ಉತ್ತರವಿಲ್ಲದೆ ಉಳಿದಿದೆ. ರಿಲೇಯ ಪಕ್ಕದಲ್ಲಿ ಮೂರನೆಯದೊಂದು ಕೆಂಪು ತಂತಿ ಇತ್ತು, ಗೋಡೆಯೊಳಗೆ ಹೋಗಿ ಎಲ್ಲಿಯೂ ಹೊರಗೆ ಬರುತ್ತಿರಲಿಲ್ಲ. ಚಾಚಾನಿಗೂ ಅದು ತಿಳಿಯಲಿಲ್ಲ. ನಾವು ಅದನ್ನು ಮುಟ್ಟದೆ ಬಿಟ್ಟೆವು. ಎಪ್ಪತ್ತರ ದಶಕದಲ್ಲಿ ದಾಂಡೇಲಿ, ಹಳಿಯಾಳ ಕಡೆಯ ಮನೆಗಳಲ್ಲಿ ಇಂಥ ಗಂಟೆ ಕೂಡಿಸಿದವರು, ಕೂಡಿಸಿದ್ದನ್ನು ಕಂಡವರು ಇದ್ದರೆ ಆ ತಂತಿ ಯಾತಕ್ಕೆಂದು ದಯವಿಟ್ಟು ನನಗೆ ಬರೆಯಿರಿ. ಅದರ ಎದುರಿನ ಜಾಗವನ್ನು ಖಾಲಿ ಇಟ್ಟಿದ್ದೇನೆ.